ಗೆಲಿಲಿಯೊ ನೋಡಿದ ಗುರು ಗ್ರಹವನ್ನು ಅವನಂಥದ್ದೇ ಕೊಳವೆಯಲ್ಲಿ ನೋಡಿದೆ

ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡೋದು ನನ್ನ ಕೆಲಸ. ಗೆಲಿಲಿಯೊ ಹೆಸರು ಬಂದರೆ ಸಾಕು, ಕ್ಲಾಸಿನಲ್ಲಿ ಕತೆ ಮೊದಲೇ ಸಿದ್ಧವಾಗಿರುತ್ತದೆ. ಅವನು ಟೆಲಿಸ್ಕೋಪಿನಲ್ಲಿ ಸತ್ಯ ಕಂಡ, ಪಾದ್ರಿಗಳು ನಂಬಲಿಲ್ಲ, ಶಿಕ್ಷೆ ಕೊಟ್ಟರು. "ಕಣ್ಣಿಗೆ ಕಾಣೋದನ್ನೂ ನಂಬಲಿಲ್ವಾ ಸರ್, ಅಷ್ಟು ದಡ್ಡರಾ?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ಬೇಕಾದರೆ ಅವನಿಗೆ ಎಷ್ಟು ಕಂಡಿತ್ತೋ ಅಷ್ಟೇ ನಮಗೂ ಕಾಣಬೇಕು. ಈಗಿನ ಒಳ್ಳೆ ಟೆಲಿಸ್ಕೋಪಿನಲ್ಲಿ ನೋಡಿದರೆ ಎಲ್ಲವೂ ಸಲೀಸಾಗಿ ಕಾಣುತ್ತದೆ, ಅನುಮಾನಕ್ಕೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ಬೇಕಂತಲೇ ಕೆಟ್ಟ ಟೆಲಿಸ್ಕೋಪ್ ಒಂದನ್ನು ಮಾಡಿದೆ.

ಸಾಮಾನು ಜಾಸ್ತಿ ಬೇಡ. ಕನ್ನಡಕದ ಅಂಗಡಿಯಲ್ಲಿ ಪ್ಲಸ್ 1 ಪವರಿನ ಗಾಜು ಕೇಳಿ, ಅದರ ಸಂಗಮದೂರ (ಬೆಳಕನ್ನು ಒಂದೆಡೆ ಸೇರಿಸುವ ದೂರ) ಸರಿಯಾಗಿ 1 ಮೀಟರ್. ಕಣ್ಣಿನ ಕಡೆಗೆ 5 ಸೆಂಟಿಮೀಟರ್ ಸಂಗಮದೂರದ ನಿಮ್ನ (ನಡುವೆ ತೆಳ್ಳಗಿರುವ) ಮಸೂರ ಬೇಕು, ಕಾಲೇಜಿನ ಲ್ಯಾಬಿನಲ್ಲೇ ಇರುತ್ತದೆ. ನೂರನ್ನು ಐದರಿಂದ ಭಾಗಿಸಿದರೆ 20 ಪಟ್ಟು. 1610ರ ಜನವರಿಯಲ್ಲಿ ಗೆಲಿಲಿಯೊ ಬಳಸಿದ್ದೂ ಸುಮಾರು ಇಷ್ಟೇ ಶಕ್ತಿಯದ್ದು. ಎರಡು ಗಾಜಿನ ನಡುವೆ 95 ಸೆಂಟಿಮೀಟರ್ ಅಂತರ ಬರಬೇಕು. ಒಂದರೊಳಗೆ ಒಂದು ಜಾರುವ ಎರಡು ಪಿವಿಸಿ ಪೈಪು, ಒಳಗೆ ಕಪ್ಪು ಕಾಗದ, ಅಷ್ಟೇ.

ಮುಖ್ಯವಾದದ್ದು ಮುಂದಿನ ಗಾಜಿಗೆ ಹಾಕುವ ಮುಚ್ಚಳ. ಕಪ್ಪು ರಟ್ಟಿನಲ್ಲಿ 20 ಮಿಲಿಮೀಟರ್ ತೂತು ಕೊರೆದು ಗಾಜಿನ ಮೇಲೆ ಅಂಟಿಸಬೇಕು. ಇದಿಲ್ಲದಿದ್ದರೆ ಗುರು ಗ್ರಹದ ಸುತ್ತ ನೇರಳೆ ಬಣ್ಣದ ಮಂಜು ಕವಿಯುತ್ತದೆ, ಉಪಗ್ರಹಗಳು ಅದರಲ್ಲೇ ಮುಳುಗಿ ಹೋಗುತ್ತವೆ. ಗೆಲಿಲಿಯೊ ಕೂಡ ತನ್ನ ಗಾಜಿನ ಅಂಚನ್ನು ಹೀಗೇ ಮುಚ್ಚಿದ್ದ. ಕೊಳವೆಯನ್ನು ಕೈಯಲ್ಲಿ ಹಿಡಿದರೆ ಏನೂ ಕಾಣದು. ನಾನು ಟೆರೇಸಿನ ಕಂಬಿಗೆ ಹಗ್ಗ ಹಾಕಿ ಬಿಗಿದೆ. ಇದರಲ್ಲಿ ಸೂರ್ಯನನ್ನು ಮಾತ್ರ ಯಾವತ್ತೂ ನೇರವಾಗಿ ನೋಡಬೇಡಿ. ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿಕೊಂಡು ನೋಡುವ ದಾರಿಯನ್ನು ಅವನ ಶಿಷ್ಯ ಕಾಸ್ಟೆಲ್ಲಿ ಆಗಲೇ ಕಂಡುಕೊಂಡಿದ್ದ.

ಮೊದಲು ಚಂದ್ರ. ಇಡೀ ಚಂದ್ರ ಒಂದೇ ಸಲಕ್ಕೆ ಹಿಡಿಸುವುದೇ ಇಲ್ಲ! ಬೀಗದ ಕಿಂಡಿಯಿಂದ ಪಕ್ಕದ ಮನೆ ನೋಡಿದ ಹಾಗೆ, ಅರ್ಧ ಕಂಡರೆ ಹೆಚ್ಚು. ಆದರೆ ಬೆಳಕೂ ಕತ್ತಲೂ ಸೇರುವ ಗೆರೆಯ ಹತ್ತಿರ ಬಂದರೆ ಕೊಟ್ಟ ಕಾಸಿಗೆ ಮೋಸವಿಲ್ಲ. ಗೆರೆ ನೇರವಾಗಿಲ್ಲ, ಹರಿದ ಬಟ್ಟೆಯಂತಿದೆ. ಕತ್ತಲ ಕಡೆ ಅಲ್ಲಲ್ಲಿ ಬೆಳಕಿನ ಚುಕ್ಕಿಗಳು. ಅವು ಬಿಸಿಲು ಮೊದಲು ಮುಟ್ಟಿದ ಬೆಟ್ಟದ ತುದಿಗಳು. ಗೆರೆಯಿಂದ ಆ ಚುಕ್ಕಿಗೆ ಎಷ್ಟು ದೂರ ಅಂತ ಅಳೆದು ಗೆಲಿಲಿಯೊ ಬೆಟ್ಟದ ಎತ್ತರ ಲೆಕ್ಕ ಹಾಕಿದ. ಆಕಾಶದ ಕಾಯಗಳೆಲ್ಲ ನುಣುಪು, ಕಲೆಯಿಲ್ಲದ ಗೋಳಗಳು ಅಂತ ಅರಿಸ್ಟಾಟಲನ ಕಾಲದಿಂದ ಹೇಳಿಕೊಂಡು ಬಂದಿದ್ದರು. ಆ ಮಾತಿಗೆ ಇಲ್ಲಿ ಪೆಟ್ಟು ಬಿತ್ತು.

ಆಮೇಲೆ ಗುರು. 2024ರ ಡಿಸೆಂಬರ್ ಹೊತ್ತಿಗೆ ಗುರು ವೃಷಭದಲ್ಲಿ, ರೋಹಿಣಿ ನಕ್ಷತ್ರದ ಹತ್ತಿರ, ಸಂಜೆಯಿಂದಲೇ ಹೊಳೆಯುತ್ತಿದ್ದ. ಈ ಕೊಳವೆಯಲ್ಲಿ ಹುಡುಕಿ ಹಿಡಿಯೋದೇ ಒಂದು ಸಾಹಸ. ಹಿಡಿದರೂ ಭೂಮಿ ತಿರುಗುತ್ತಿದೆಯಲ್ಲ, ಒಂದೇ ನಿಮಿಷದಲ್ಲಿ ಗುರು ಅಂಚಿನಿಂದ ಅಂಚಿಗೆ ಸರಿದು ಮಾಯವಾಗುತ್ತಾನೆ. ಅಷ್ಟರಲ್ಲಿ ಚುಕ್ಕಿಗಳನ್ನು ಎಣಿಸಿ ಬರೆದುಕೊಳ್ಳಬೇಕು. ನಾನು ಮಾಡಿಕೊಂಡ ಪದ್ಧತಿ ಸರಳ. ನೋಟ್‌ಬುಕ್ಕಿನಲ್ಲಿ ಮೊದಲೇ ಸಾಲಾಗಿ ಸೊನ್ನೆಗಳನ್ನು ಬರೆದಿಟ್ಟುಕೊಂಡು, ಪಕ್ಕದಲ್ಲಿ ಚುಕ್ಕಿ ಇಟ್ಟು, ಗುರುವಿನ ಅಗಲಕ್ಕೆ ಹೋಲಿಸಿ ಎಷ್ಟು ದೂರ ಅಂತ ಅಂದಾಜು ಬರೆಯೋದು. ಮೊಬೈಲ್ ಆ್ಯಪ್ ನೋಡಬಾರದು ಅಂತ ಶಪಥ. ಅದನ್ನು ನೋಡಿದರೆ ಇಲ್ಲದ ಚುಕ್ಕಿಯೂ ಕಾಣತೊಡಗುತ್ತದೆ.

ಗೆಲಿಲಿಯೊನ ದಿನಚರಿಯ ಜೊತೆ ಇದನ್ನು ಇಟ್ಟು ನೋಡಿದಾಗ ಮಜಾ ಬಂತು. 1610ರ ಜನವರಿ 7ರಂದು ಅವನಿಗೆ ಕಂಡದ್ದು ಮೂರು ಚುಕ್ಕಿ, ಎರಡು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಮಾಮೂಲಿ ನಕ್ಷತ್ರಗಳು ಅಂದುಕೊಂಡ. ಮರುದಿನ ಮೂರೂ ಪಶ್ಚಿಮಕ್ಕಿವೆ! ಗ್ರಹಗಳ ಕೋಷ್ಟಕದಲ್ಲಿ ಗುರು ಆಗ ವಕ್ರಿ. ಅಂದರೆ ಅವನು ಪಶ್ಚಿಮಕ್ಕೆ ಸರಿಯಬೇಕು, ನಕ್ಷತ್ರಗಳು ಪೂರ್ವಕ್ಕೆ ಉಳಿಯಬೇಕು. ಕೋಷ್ಟಕವೇ ತಪ್ಪಿರಬಹುದಾ ಅಂತ ಅವನು ಯೋಚಿಸಿದ. ನಾನು ನೋಡುತ್ತಿದ್ದಾಗಲೂ ನಮ್ಮ ಮನೆಯ ಪಂಚಾಂಗದಲ್ಲಿ ಗುರು ವಕ್ರಿಯೇ, ಫೆಬ್ರವರಿ ಮೊದಲ ವಾರದವರೆಗೆ. ಹಾಗಾಗಿ ಅವನ ಗೊಂದಲ ನನಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಜನವರಿ 9ಕ್ಕೆ ಅವನಿದ್ದ ಪಡುವಾದಲ್ಲಿ ಮೋಡ. 10ಕ್ಕೆ ಎರಡೇ ಚುಕ್ಕಿ, ಎರಡೂ ಪೂರ್ವಕ್ಕೆ. ಸರಿಯುತ್ತಿರೋದು ಗುರುವಲ್ಲ, ಚುಕ್ಕಿಗಳೇ ಅಂತ ಆಗ ಹೊಳೆಯಿತು. 13ಕ್ಕೆ ನಾಲ್ಕನೆಯದೂ ಸಿಕ್ಕಿತು.

ಒಂದು ರಾತ್ರಿಯ ನೋಟದಿಂದ ಏನೂ ತಿಳಿಯದು. ಈ ನಾಲ್ಕು ಉಪಗ್ರಹಗಳಲ್ಲಿ ಅತ್ಯಂತ ಒಳಗಿನ ಅಯೊ 42 ಗಂಟೆಗೊಮ್ಮೆ ಸುತ್ತು ಮುಗಿಸುತ್ತದೆ, ಹೊರಗಿನ ಕ್ಯಾಲಿಸ್ಟೊಗೆ ಹೆಚ್ಚು ಕಡಿಮೆ 17 ದಿನ ಬೇಕು. ಚುಕ್ಕಿ ಗುರುವಿನ ಹಿಂದೆ ಹೋದರೆ ಕಾಣದು, ಎರಡು ಚುಕ್ಕಿ ಹತ್ತಿರ ಬಂದರೆ ಒಂದೇ ಆಗಿ ಕಾಣುತ್ತವೆ. ಪುಟಗಟ್ಟಲೆ ಸೊನ್ನೆ ಚುಕ್ಕಿ ತುಂಬಿದ ಮೇಲೆ ಮಾತ್ರ ಒಂದು ತಾಳ ಸಿಗುತ್ತದೆ.

ಕಾಲೇಜಿನ ಮಕ್ಕಳು, ನೆಂಟರು, ಪಕ್ಕದ ಮನೆಯವರು ಟೆರೇಸಿಗೆ ಬಂದಾಗ ನಿಜವಾದ ಪಾಠ ಶುರುವಾಯಿತು. ಸುಮಾರು ಜನರಿಗೆ ಏನೂ ಕಾಣಲಿಲ್ಲ! ಈ ಥರದ ಕೊಳವೆಯಲ್ಲಿ ಕಣ್ಣನ್ನು ಗಾಜಿಗೆ ಅಂಟಿಸಿದಂತೆ ಇಡಬೇಕು, ಕೂದಲೆಳೆಯಷ್ಟು ಸರಿದರೂ ಬರೀ ಕತ್ತಲು. ಕನ್ನಡಕದವರಿಗೆ ಇನ್ನೂ ಕಷ್ಟ. ಕೆಲವರು ನನ್ನ ಮುಖ ನೋಡಿ "ಹೂಂ, ಕಾಣ್ತು" ಅಂದು ಎದ್ದರು. ಒಬ್ಬ ಹುಡುಗನಿಗೆ ಆರು ಚುಕ್ಕಿ ಕಂಡವು. "ಗಾಜಿನ ಮೇಲಿನ ಧೂಳು ಅಲ್ವಾ ಇದು?" ಅಂತ ಇನ್ನೊಬ್ಬಳು ಕೇಳಿದಳು. ಕೊಳವೆಯನ್ನು ಮೆಲ್ಲಗೆ ತಿರುಗಿಸಿ ನೋಡು, ಧೂಳಾದರೆ ಅದೂ ತಿರುಗಬೇಕು ಅಂದೆ. ತಿರುಗಿಸಿ ನೋಡಿದಳು, ಒಪ್ಪಿದಳು.

1610ರ ಏಪ್ರಿಲಿನಲ್ಲಿ ಗೆಲಿಲಿಯೊಗೂ ಇದೇ ಆಯಿತು. ಬೊಲೊನ್ಯಾದಲ್ಲಿ ಗಣಿತದ ಪ್ರಾಧ್ಯಾಪಕ ಮಜೀನಿಯ ಮನೆಗೆ ಕೊಳವೆ ಹೊತ್ತು ಹೋದ. ಕಲಿತವರೆಲ್ಲ ಸೇರಿದ್ದರು. ಹೆಚ್ಚಿನವರಿಗೆ ಉಪಗ್ರಹ ಸ್ಪಷ್ಟವಾಗಿ ಕಾಣಲೇ ಇಲ್ಲ, ಅವನು ಮುಖ ಸಣ್ಣ ಮಾಡಿಕೊಂಡು ಹೊರಟ. ಪಡುವಾದ ಕ್ರೆಮೊನೀನಿಯಂತೂ ಆ ಗಾಜಿನಲ್ಲಿ ನೋಡಿದರೆ ತಲೆ ಕೆಡುತ್ತದೆ ಅಂದ. ಇವನು ಪಾದ್ರಿಯಲ್ಲ, ತತ್ವಶಾಸ್ತ್ರದ ಮೇಷ್ಟ್ರು. ಮೊದಲಿಗೆ ವಿರೋಧಿಸಿದವರಲ್ಲಿ ಜಾಸ್ತಿ ಇಂಥವರೇ. ನನ್ನ ಟೆರೇಸಿನಲ್ಲಿ ನಿಂತ ಮೇಲೆ ಅವರನ್ನು ದಡ್ಡರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಜಗತ್ತು ನಂಬಿದ್ದು ಹೇಗೆ? ದೊಡ್ಡವರ ಮೂಲಕ. ಕೊಳವೆಗಳನ್ನು ಗೆಲಿಲಿಯೊ ರಾಜರಿಗೆ, ಚರ್ಚಿನ ಹಿರಿಯರಾದ ಕಾರ್ಡಿನಲ್‌ಗಳಿಗೆ ಕಳಿಸಿದ, ಫ್ಲಾರೆನ್ಸಿನ ರಾಯಭಾರಿಗಳ ಕೈಯಲ್ಲಿ. ಪ್ರಾಗಿನಲ್ಲಿದ್ದ ಕೆಪ್ಲರ್ ಚಕ್ರವರ್ತಿಯ ಆಸ್ಥಾನದ ಗಣಿತಜ್ಞ. ಅವನಿಗೇ ಒಂದು ಒಳ್ಳೆ ಕೊಳವೆ ಇರಲಿಲ್ಲ. ಗೆಲಿಲಿಯೊ ಜರ್ಮನಿಯ ಕಲೋನ್ ಸೀಮೆಯ ದೊರೆ ಎಲೆಕ್ಟರ್‌ಗೆ ಕಳಿಸಿದ್ದನ್ನು ಸಾಲ ಪಡೆದು ನೋಡಬೇಕಾಯಿತು. ನೋಡಿದ ಮೇಲೆ ಹೌದು ಅಂತ ಬರೆದ. 1611ರಲ್ಲಿ ರೋಮಿನ ಜೆಸ್ವಿಟ್ (ಕ್ಯಾಥೊಲಿಕ್ ಚರ್ಚಿನ ಒಂದು ಪಾದ್ರಿ ಸಂಘ) ಕಾಲೇಜಿನ ಖಗೋಳಜ್ಞರೂ ಹೌದು ಅಂದರು. ಇವರು ಚರ್ಚಿನವರೇ, ನೆನಪಿರಲಿ. ಗೆಲಿಲಿಯೊಗೆ ಅಲ್ಲಿ ಸನ್ಮಾನವೂ ಆಯಿತು. ಅವರಲ್ಲಿ ಹಿರಿಯನಾದ ಕ್ಲಾವಿಯಸ್ ಮಾತ್ರ ಚಂದ್ರನ ಬೆಟ್ಟ ಒಪ್ಪಲಿಲ್ಲ. ಮೇಲ್ಮೈ ನುಣುಪೇ, ಒಳಗೆ ಸಾಂದ್ರತೆ ಬೇರೆ ಬೇರೆ ಇರಬಹುದು ಅಂದ.

ಆ ನಾಲ್ಕು ಚುಕ್ಕಿಗೆ ಗೆಲಿಲಿಯೊ ಇಟ್ಟ ಹೆಸರು ಮೆಡಿಚಿ ನಕ್ಷತ್ರಗಳು. ಫ್ಲಾರೆನ್ಸಿನ ಗ್ರಾಂಡ್ ಡ್ಯೂಕ್ ಎರಡನೇ ಕೊಸಿಮೊ ಡಿ ಮೆಡಿಚಿ ಅವನ ಹಳೆಯ ಶಿಷ್ಯ. ಕೊಸಿಮೊಗೆ ಮೂವರು ತಮ್ಮಂದಿರು, ಒಟ್ಟು ನಾಲ್ವರು, ನಕ್ಷತ್ರಗಳೂ ನಾಲ್ಕು. ಲೆಕ್ಕ ಕೂಡಿ ಬಂತು! 1610ರ ಮಾರ್ಚಿನಲ್ಲಿ ಈ ನೋಟಗಳ ಪುಸ್ತಕ ಬಂತು, ಬೇಸಿಗೆಯಲ್ಲಿ ಆಸ್ಥಾನದ ಹುದ್ದೆ ಬಂತು. ಹುದ್ದೆಯ ಹೆಸರಿನಲ್ಲಿ ಗಣಿತಜ್ಞ ಅನ್ನೋದರ ಜೊತೆಗೆ ತತ್ವಜ್ಞಾನಿ ಅಂತಲೂ ಇರಲಿ ಎಂದು ಅವನೇ ಕೇಳಿಕೊಂಡ. ಜಗತ್ತು ನಿಜಕ್ಕೂ ಹೇಗಿದೆ ಅಂತ ಹೇಳುವ ಹಕ್ಕು ಆಗ ತತ್ವಜ್ಞಾನಿಗಳದ್ದು. ಗಣಿತದವರು ಗ್ರಹಗಳ ಲೆಕ್ಕ ಮಾಡಿಕೊಟ್ಟರೆ ಸಾಕು. ಪಾಠ ಮಾಡುವ ಹೊಣೆಯೂ ತಪ್ಪಿತು. ಉತ್ತರ ಪತ್ರಿಕೆ ತಿದ್ದುವ ನನಗೆ ಆ ಆಸೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಆದರೆ ಅವನು ಬಿಟ್ಟು ಹೋದದ್ದು ವೆನಿಸ್ ಗಣರಾಜ್ಯದ ಪಡುವಾವನ್ನು. 1606ರಲ್ಲಿ ಪೋಪ್ ಇಡೀ ವೆನಿಸ್ ಮೇಲೆ ಧಾರ್ಮಿಕ ಬಹಿಷ್ಕಾರ ಹಾಕಿದಾಗ ಬಗ್ಗದೆ, ಜೆಸ್ವಿಟ್‌ಗಳನ್ನೇ ಊರು ಬಿಡಿಸಿದ ಸರಕಾರ ಅದು. ಗೆಳೆಯ ಸಗ್ರೆದೊ 1611ರಲ್ಲಿ ಪತ್ರ ಬರೆದು ಬುದ್ಧಿ ಹೇಳಿದ. ವೆನಿಸಿನಲ್ಲಿದ್ದ ಸ್ವಾತಂತ್ರ್ಯ ಎಲ್ಲಿ ಸಿಕ್ಕೀತು, ಜೆಸ್ವಿಟ್‌ಗಳ ಮಾತು ನಡೆಯುವ ಊರಿಗೆ ಹೋಗಿದ್ದೀಯ ಅನ್ನೋದು ಅದರ ಸಾರ. ಗೆಲಿಲಿಯೊನ ಮುಂದಿನ ಬದುಕು ತಿರುಗಿದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಶುಕ್ರನ ವಿಷಯಕ್ಕೆ ಬರುತ್ತೇನೆ. ಕೊಳವೆ ಇಟ್ಟುಕೊಂಡವರು ಇದನ್ನು ಬಿಡಬಾರದು. ಕತ್ತಲಾದ ಮೇಲೆ ಶುಕ್ರ ಕಣ್ಣು ಕುಕ್ಕುತ್ತಾನೆ, ಆಕಾರ ತಿಳಿಯದು. ಸೂರ್ಯ ಪೂರ್ತಿ ಮುಳುಗಿದ ಮೇಲೆ, ಆಕಾಶ ಇನ್ನೂ ನೀಲಿಯಿರುವಾಗಲೇ ಹಿಡಿಯಬೇಕು. 2024ರ ಕೊನೆಯಲ್ಲಿ ಚಿಕ್ಕದಾದ, ಅರ್ಧಕ್ಕಿಂತ ಹೆಚ್ಚು ತುಂಬಿದ ಬಿಂಬ, 2025ರ ಜನವರಿ ಸುಮಾರಿಗೆ ಅರ್ಧ, ಫೆಬ್ರವರಿ ಕೊನೆಗೆ ದೊಡ್ಡದಾದ ತೆಳ್ಳನೆ ಕೊಂಬು. ಭೂಮಿಯೇ ನಡುವೆ ಅನ್ನುವ ಟಾಲೆಮಿಯ ಲೆಕ್ಕದಲ್ಲಿ ಶುಕ್ರ ಯಾವಾಗಲೂ ಸೂರ್ಯನಿಗಿಂತ ಈಚೆಗೇ ಇರಬೇಕು. ಹಾಗಾದರೆ ಅರ್ಧಕ್ಕಿಂತ ಹೆಚ್ಚು ತುಂಬಿದ ಬಿಂಬ ಕಾಣುವ ಹಾಗಿಲ್ಲ. ಕಂಡಿತಲ್ಲ! ಟಾಲೆಮಿ ಸೋತ. ಮಕ್ಕಳು ಚಪ್ಪಾಳೆ ತಟ್ಟಿದರು, ಸೂರ್ಯನೇ ನಡುವೆ, ಭೂಮಿ ಅವನ ಸುತ್ತ ಅಂದಿದ್ದ ಕೊಪರ್ನಿಕಸ್ ಗೆದ್ದ ಅಂದರು.

ಗೆದ್ದಿಲ್ಲ ಅಂದೆ. ಬೋರ್ಡಿನ ಮೇಲೆ ಟೈಕೊ ಬ್ರಾಹೆಯ ಚಿತ್ರ ಬರೆದೆ. ಗ್ರಹಗಳೆಲ್ಲ ಸೂರ್ಯನ ಸುತ್ತ, ಸೂರ್ಯ ಮಾತ್ರ ನಿಂತ ಭೂಮಿಯ ಸುತ್ತ. ಇದರಲ್ಲೂ ಶುಕ್ರ ಹಾಗೇ ಕಾಣುತ್ತಾನೆ. ನೋಟ್‌ಬುಕ್ಕಿನ ಚಿತ್ರಗಳಿಂದ ಇವೆರಡರಲ್ಲಿ ಯಾವುದು ಸರಿ ಅಂತ ತೋರಿಸಿ ನೋಡೋಣ ಅಂದೆ. ಆಗಲಿಲ್ಲ, ಆಗುವುದೂ ಇಲ್ಲ. ಭೂಮಿ ಚಲಿಸುತ್ತದೆ ಅನ್ನೋದಕ್ಕೆ ನಕ್ಷತ್ರಗಳಲ್ಲಿ ನೇರ ಗುರುತು ಸಿಕ್ಕಿದ್ದು 1720ರ ದಶಕದ ಕೊನೆಗೆ ಖಗೋಳಜ್ಞ ಬ್ರಾಡ್ಲಿಗೆ, ಆಮೇಲೆ 1838ರಲ್ಲಿ ಬೆಸೆಲ್‌ಗೆ.

ಕಾರ್ಡಿನಲ್ ಬೆಲ್ಲಾರ್ಮಿನ್ 1615ರಲ್ಲಿ ಬರೆದ ಪತ್ರವನ್ನು ಇದಾದ ಮೇಲೆ ಓದಿದರೆ ಬೇರೆಯೇ ಕಾಣುತ್ತದೆ. ಭೂಮಿ ಸುತ್ತುತ್ತದೆ ಅನ್ನೋದಕ್ಕೆ ನಿಜವಾದ ಸಾಬೀತು ಇದ್ದರೆ ಸೂರ್ಯ ಚಲಿಸುತ್ತಾನೆ ಅನ್ನುವ ಬೈಬಲಿನ ಮಾತುಗಳಿಗೆ ಅರ್ಥ ಹೇಳುವಾಗ ಎಚ್ಚರ ವಹಿಸಬೇಕಾಗುತ್ತದೆ, ಆದರೆ ಅಂಥ ಸಾಬೀತು ನನಗೆ ಯಾರೂ ತೋರಿಸಿಲ್ಲ ಅಂತ ಅವನ ವಾದ. ಸಾಬೀತಿನ ಮಟ್ಟಿಗೆ ಅವನು ಹೇಳಿದ್ದು ಸರಿ. ಆದರೆ ಸಾಬೀತು ಸಿಗುವ ಮೊದಲೇ 1616ರ ಮಾರ್ಚಿನಲ್ಲಿ ಕೊಪರ್ನಿಕಸನ ಪುಸ್ತಕವನ್ನು, ತಿದ್ದುವ ತನಕ, ತಡೆಹಿಡಿದರು. 1543ರಲ್ಲಿ ಅಚ್ಚಾದ, ಪೋಪ್‌ಗೇ ಅರ್ಪಣೆಯಾಗಿದ್ದ ಪುಸ್ತಕ. ಹುಡುಕುವ ದಾರಿಯನ್ನೇ ಮುಚ್ಚಿ ಸಾಬೀತು ತಾ ಅನ್ನೋದು ಯಾವ ನ್ಯಾಯ? ಪೋಪನ ಅಧಿಕಾರ ಪ್ರಶ್ನಿಸಿ ಪ್ರಾಟೆಸ್ಟಂಟ್ ಪಂಥ ಶುರುಮಾಡಿದ ಲೂಥರ್ ನಂತರ ಬೈಬಲಿಗೆ ಅರ್ಥ ಹೇಳುವ ಹಕ್ಕು ಯಾರದ್ದು ಅನ್ನೋದೇ ಯುರೋಪಿನ ದೊಡ್ಡ ಜಗಳವಾಗಿತ್ತು. ಗೆಲಿಲಿಯೊ ಎಂಬ ಒಬ್ಬ ಗಣಿತದವನು, ಪಾದ್ರಿಯೂ ಅಲ್ಲದವನು, ಆ ಜಾಗಕ್ಕೆ ಕಾಲಿಟ್ಟಿದ್ದ.

1623ರಲ್ಲಿ ಗೆಲಿಲಿಯೊನ ಅಭಿಮಾನಿ ಬಾರ್ಬೆರೀನಿಯೇ ಎಂಟನೇ ಅರ್ಬನ್ ಹೆಸರಿನಲ್ಲಿ ಪೋಪ್ ಆದ. 1632ರಲ್ಲಿ ಗೆಲಿಲಿಯೊನ 'ಸಂವಾದ' ಹೊರಬಂತು, ಟಾಲೆಮಿ ಸರಿಯೋ ಕೊಪರ್ನಿಕಸ್ ಸರಿಯೋ ಅಂತ ಪಾತ್ರಗಳು ವಾದಿಸುವ ಪುಸ್ತಕ. ಪೋಪನ ಮೆಚ್ಚಿನ ವಾದ ಅದರಲ್ಲಿ ಪೆದ್ದು ಸಿಂಪ್ಲಿಚಿಯೊನ ಬಾಯಲ್ಲಿ ಬಂದಿತ್ತು. ಅದೇ ವರ್ಷ ಮಾರ್ಚಿನಲ್ಲಿ ಸ್ಪೇನಿನ ಕಾರ್ಡಿನಲ್ ಬೋರ್ಜಾ ತುಂಬಿದ ಸಭೆಯಲ್ಲೇ ಪೋಪನ ಮೇಲೆ ಏರಿಹೋಗಿದ್ದ. ಮೂವತ್ತು ವರ್ಷಗಳ ಯುದ್ಧದಲ್ಲಿ ಪ್ರಾಟೆಸ್ಟಂಟರ ವಿರುದ್ಧ ನೀನು ಗಟ್ಟಿಯಾಗಿ ನಿಂತಿಲ್ಲ ಅಂತ ಆರೋಪ. ತಾನು ಮೆತ್ತಗಿಲ್ಲ ಅಂತ ತೋರಿಸಬೇಕಾದ ಮುಖಂಡನ ಕೈಗೆ ಹಳೆಯ ಗೆಳೆಯ ಸಿಕ್ಕಿದ. 1633ರ ಜೂನ್ 22ರಂದು, ರೋಮಿನಲ್ಲಿ ಚರ್ಚಿನ ವಿಚಾರಣೆಯ ಕೊನೆಗೆ, ಗೆಲಿಲಿಯೊ ಮಂಡಿಯೂರಿ ತನ್ನ ಮಾತು ಹಿಂತೆಗೆದುಕೊಂಡ. ಆಗ ಫ್ಲಾರೆನ್ಸಿನಲ್ಲಿ ಆಳುತ್ತಿದ್ದವನು ಕೊಸಿಮೊನ ಮಗ ಎರಡನೇ ಫರ್ಡಿನಾಂಡೊ. ರೋಮಿನಲ್ಲಿ ಗೆಲಿಲಿಯೊನನ್ನು ತನ್ನ ರಾಯಭಾರಿಯ ಬಂಗಲೆಯಲ್ಲಿ ಉಳಿಸಿದ, ಕಳಕಳಿ ತೋರಿಸಿದ. ಪೋಪ್‌ಗೆ ಇಲ್ಲ ಅನ್ನುವ ಧೈರ್ಯ ಮಾತ್ರ ಮಾಡಲಿಲ್ಲ.

ಗೃಹಬಂಧನದಲ್ಲಿ ಮುಗಿಸಿದ ಕೊನೆಯ ಪುಸ್ತಕ 1638ರಲ್ಲಿ ಅಚ್ಚಾದದ್ದು ಪೋಪನ ಮಾತು ನಡೆಯದ ಡಚ್ಚರ ಲೈಡನ್‌ನಲ್ಲಿ. ಬೀಳುವ ವಸ್ತುವಿನ ವೇಗೋತ್ಕರ್ಷ ಅಂತ ನಾನು ಕ್ಲಾಸಿನಲ್ಲಿ ಮಾಡುವ ಪಾಠ ಅದರಲ್ಲೇ ಇದೆ. ಇಳಿಜಾರು ಹಲಗೆಯಲ್ಲಿ ಕೊರೆದ ತೋಡಿನಲ್ಲಿ ಕಂಚಿನ ಗುಂಡು ಉರುಳಿಸಿ, ಅಷ್ಟರಲ್ಲಿ ಪಾತ್ರೆಯಿಂದ ಸೋರಿದ ನೀರನ್ನು ತೂಗಿ ಹೊತ್ತು ಅಳೆಯುವ ವಿಧಾನ. ಈ ವರ್ಷ ಅದನ್ನು ಮಾಡಬೇಕು ಅಂತಿದ್ದೇನೆ. ಹಲಗೆ ಸಿಕ್ಕಿದೆ, ನೇರವಾಗಿ ತೋಡು ಕೊರೆದು ಕೊಡುವ ಬಡಗಿಯನ್ನು ಹುಡುಕುತ್ತಿದ್ದೇನೆ.