ಮಾತು ಬಿಟ್ಟವರು ಸೇರಿ ಮನೆ ಕಟ್ಟುವುದು ಹೇಗೆ?

ನಮ್ಮ ಅಪ್ಪ, ಚಿಕ್ಕಪ್ಪ ಆರು ವರ್ಷ ಮಾತು ಬಿಟ್ಟಿದ್ದರು. ಹಬ್ಬಕ್ಕೂ ಸೇರುತ್ತಿರಲಿಲ್ಲ. ಊರಿನ ಹಳೇ ಮನೆಯ ಗೋಡೆ ಮಳೆಗೆ ಕುಸಿದಾಗ ಇಬ್ಬರೂ ಬರಲೇಬೇಕಾಯಿತು. ನೆಂಟರು ಕೂರಿಸಿ ಬುದ್ಧಿ ಹೇಳಿದಾಗ ಬಗೆಹರಿಯದ್ದು ಮಣ್ಣು ಕಲೆಸುವಾಗ ಸಡಿಲವಾಯಿತು. ನಿಮ್ಮ ಮನೆಯಲ್ಲೂ ಇಂಥವರು ಸೇರಿ ಮನೆ ಕಟ್ಟುವ ಯೋಚನೆ ಇದ್ದರೆ ಹೀಗೆ ಮಾಡಿ ನೋಡಿ.

ಮೊದಲು ಕಾಗದ, ಆಮೇಲೆ ಪಾಯ

ಮನೆ ಯಾರ ಹೆಸರಲ್ಲಿ, ಯಾರು ಎಷ್ಟು ಹಾಕುತ್ತಾರೆ ಅನ್ನುವುದನ್ನು ಬರೆದು ಸಹಿ ಹಾಕಿ. ಅಕ್ಕತಂಗಿಯರನ್ನು ಬಿಟ್ಟು ಈ ಮಾತು ಆಡಲೇಬೇಡಿ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ಲೆಕ್ಕದ ಪುಸ್ತಕ ಎಲ್ಲರಿಗೂ ಕಾಣುವಲ್ಲಿ ಇರಲಿ.

ಇಟ್ಟಿಗೆ ನೀವೇ ಮಾಡಿ

ಪಾಯ, ಚಾವಣಿ, ವೈರಿಂಗ್ ಕಸುಬುದಾರರಿಗೆ ಬಿಡಿ. ಮನೆಮಂದಿಗೆ ಹೇಳಿ ಮಾಡಿಸಿದ ಕೆಲಸ ಅಂದರೆ ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡ ಇದರ ಮೇಲೆ ಬಹಳ ಕೆಲಸ ಮಾಡಿದೆ. ಇದನ್ನು ಸುಡಬೇಕಿಲ್ಲ, ಕೈಯಂತ್ರದಲ್ಲಿ ಒತ್ತಿದರೆ ಸಾಕು.

ಮಣ್ಣು ನೋಡುವ ಕೆಲಸ ಮಕ್ಕಳಿಗೆ ಕೊಡಿ. ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಕುಲುಕಿ ಒಂದು ದಿನ ಬಿಡಲಿ. ಮರಳು ತಳಕ್ಕೆ ಕೂರುತ್ತದೆ, ಜೇಡಿ ಮೇಲೆ ನಿಲ್ಲುತ್ತದೆ. ಮೂರರಲ್ಲಿ ಎರಡು ಪಾಲು ಮರಳಿರಬೇಕು. ಕಡಿಮೆಯಿದ್ದರೆ ಮರಳು ಸೇರಿಸಿ. ಎರೆಮಣ್ಣು ಬೇಡ, ಅದು ಹಿಗ್ಗಿ ಕುಗ್ಗುತ್ತದೆ. ಬೇರು, ಕಸ ಇರುವ ಮೇಲ್ಮಣ್ಣನ್ನೂ ತೆಗೆದುಹಾಕಿ.

ಜರಡಿ ಹಿಡಿದ ಮಣ್ಣು 100 ಕೆಜಿಗೆ ಸುಮಾರು 7 ಕೆಜಿ ಸಿಮೆಂಟ್. ನೀರು ಚಿಮುಕಿಸಿ ಕಲೆಸಿ, ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡಿ. ಪುಡಿಪುಡಿಯಾದರೆ ನೀರು ಸಾಲದು. ಮುದ್ದೆಯಾಗಿ ಕೂತರೆ ಜಾಸ್ತಿಯಾಯಿತು. ನಾಲ್ಕೈದು ತುಂಡಾದರೆ ಹದ. ಕಲೆಸಿದ್ದನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು, ಅದಕ್ಕೇ ಸ್ವಲ್ಪ ಸ್ವಲ್ಪವೇ ಕಲೆಸಿ.

ಯಂತ್ರದ ಹತ್ತಿರ ಯಾರನ್ನು ನಿಲ್ಲಿಸಬೇಕು? ಮಾತು ಬಿಟ್ಟ ಇಬ್ಬರನ್ನೇ. ಒಬ್ಬರು ಮಣ್ಣು ತುಂಬಿ ಮುಚ್ಚಳ ಹಾಕಬೇಕು, ಇನ್ನೊಬ್ಬರು ಯಂತ್ರದ ಸನ್ನೆಕೋಲು ಎಳೆಯಬೇಕು. ಮುಚ್ಚಳದ ಹತ್ತಿರ ಬೆರಳು ಇರುವಾಗ ಸುಮ್ನೆ ಎಳೆಯೋಕಾಗಲ್ಲ, ಕೇಳಲೇಬೇಕು. 'ಹಾಕಾಯ್ತಾ?' 'ಹೂಂ, ಎಳಿ.' ಮೊದಲ ದಿನ ನಮ್ಮಲ್ಲಿ ನಡೆದ ಮಾತು ಇಷ್ಟೇ, ಆದರೆ ನೂರಾರು ಸಲ. ಪಕ್ಕದಲ್ಲಿ ನಿಂತು ಹಳೇ ಜಗಳ ತೆಗೆಯಬೇಡಿ, ದಯವಿಟ್ಟು. ಅವರಷ್ಟಕ್ಕೆ ಬಿಡಿ.

ಅಡುಗೆಯನ್ನು ಹೆಂಗಸರ ಮೇಲೆ ಹಾಕಿ ಕೂರಬೇಡಿ. ಅವರಿಗೂ ಇಟ್ಟಿಗೆ ಒತ್ತುವ ಆಸೆ ಇರುತ್ತದೆ, ಅಲ್ವಾ? ಪಾಳಿ ಹಾಕಿಕೊಳ್ಳಿ.

ಮೂರು ವಾರ ನೀರು

ಒತ್ತಿದ ಇಟ್ಟಿಗೆಗಳನ್ನು ನೆರಳಲ್ಲಿ ಪೇರಿಸಿ, ಮಾರನೇ ದಿನದಿಂದ ಗೋಣಿಚೀಲ ಹೊದಿಸಿ 21 ದಿನ ಒದ್ದೆಯಾಗಿಡಿ. ಆತುರಪಟ್ಟರೆ ಗಟ್ಟಿಯಾಗುವುದಿಲ್ಲ. ಯಾವ ದಿನ ಯಾರು ನೀರು ಹಾಕಬೇಕು ಅಂತ ಗೋಡೆ ಮೇಲೆ ಬರೆದಿಡಿ. ಕೆಲಸದ ಗದ್ದಲ ಮುಗಿದ ಮೇಲೂ ಒಬ್ಬರ ಹಿಂದೆ ಒಬ್ಬರು ಬರುವುದಕ್ಕೆ ಇದೇ ನೆವ. ಚಿಕ್ಕಪ್ಪನ ಪಾಳಿಯ ದಿನ ಅಪ್ಪ ಫೋನ್ ಮಾಡಿ, 'ಹಿಂದಿನ ಸಾಲು ಒಣಗಿದೆ ಕಣೋ, ನೋಡು' ಅಂದರು. ಆರು ವರ್ಷದಲ್ಲಿ ಅದೇ ಮೊದಲ ಕರೆ.

ನಾಲ್ಕು ವಾರ ತುಂಬಿದ ಮೇಲೆ ಮೇಸ್ತ್ರಿಗೆ ಹೇಳಿಕಳಿಸಿ. ಮೊದಲ ಸಾಲು ಇಡುವ ದಿನವನ್ನು ದೂರದ ಊರಿನಲ್ಲಿರುವವರ ರಜೆ ನೋಡಿ ಗೊತ್ತು ಮಾಡಿ.