ಮಾನವ ಸಂಪನ್ಮೂಲ ವೃತ್ತಿಯಲ್ಲಿ ಪ್ರಮಾಣೀಕರಣ: ಆಯ್ಕೆಯಿಂದ ನವೀಕರಣದವರೆಗೆ

ಮಾನವ ಸಂಪನ್ಮೂಲ ನಿರ್ವಹಣೆಯ ಕ್ಷೇತ್ರದಲ್ಲಿ 'ಸರ್ಟಿಫಿಕೇಟ್' ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಪತ್ರಗಳು ಚಲಾವಣೆಯಲ್ಲಿವೆ. ಒಂದು, ತರಬೇತಿಯನ್ನು ಮುಗಿಸಿದ್ದಕ್ಕೆ ಕೊಡುವ ಪತ್ರ. ಒಮ್ಮೆ ಕೈಸೇರಿದರೆ ಅದು ಕೊನೆಯವರೆಗೂ ನಿಮ್ಮದೇ, ಆದರೆ ನೀವು ಪಾಠ ಕೇಳಿದ್ದೀರಿ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ. ಇನ್ನೊಂದು, ವೃತ್ತಿಪರ ಪ್ರಮಾಣೀಕರಣ. ಇಲ್ಲಿ ಪಾಠ ಯಾರಿಂದ ಕೇಳಿದರೂ ಸರಿ, ಪ್ರಮಾಣೀಕರಿಸುವ ಸಂಸ್ಥೆಯೇ ಅರ್ಹತೆಯನ್ನು ಪರಿಶೀಲಿಸಿ, ಪರೀಕ್ಷೆ ನಡೆಸಿ, ಹೆಸರಿನ ಜೊತೆ ಬರೆದುಕೊಳ್ಳಬಹುದಾದ ಅಕ್ಷರಗಳನ್ನು ಕೊಡುತ್ತದೆ; ಅವಧಿ ಮುಗಿಯುವುದರೊಳಗೆ ನವೀಕರಿಸದಿದ್ದರೆ ಆ ಅಕ್ಷರಗಳನ್ನು ಬಳಸುವ ಹಕ್ಕು ಹೋಗುತ್ತದೆ. ಮೊದಲನೆಯದಕ್ಕೆ ಹಣ ಕಟ್ಟಿ ಎರಡನೆಯದರ ಫಲವನ್ನು ನಿರೀಕ್ಷಿಸುವವರೇ ಹೆಚ್ಚು. ಆದ್ದರಿಂದ ಯಾವ ಅರ್ಜಿಯನ್ನು ತುಂಬುವುದಕ್ಕೂ ಮುನ್ನ, ಕೈಗೆ ಬರಲಿರುವುದು ಈ ಎರಡರಲ್ಲಿ ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಆಯ್ಕೆಯನ್ನು ಪ್ರಮಾಣೀಕರಣಗಳ ಪಟ್ಟಿಯಿಂದ ಆರಂಭಿಸದೆ ನಿಮ್ಮ ಕೆಲಸದಿಂದ ಆರಂಭಿಸುವುದು ಒಳ್ಳೆಯದು. ಕಳೆದ ಒಂದು ವರ್ಷದಲ್ಲಿ ನೀವು ನಿಜವಾಗಿ ಮಾಡಿದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸಂದರ್ಶನಗಳ ವ್ಯವಸ್ಥೆ, ಹಾಜರಾತಿ, ವೇತನಪಟ್ಟಿ, ಕಡತ ನಿರ್ವಹಣೆಗಳೇ ಬಹುಪಾಲಾಗಿದ್ದರೆ ನೀವು ಆರಂಭದ ಹಂತದಲ್ಲಿದ್ದೀರಿ. ನೀತಿಗಳನ್ನು ಜಾರಿಗೆ ತರುವುದು, ವಿವಾದಗಳನ್ನು ಬಗೆಹರಿಸುವುದು, ವ್ಯವಸ್ಥಾಪಕರಿಗೆ ಸಲಹೆ ಕೊಡುವುದು ಇದ್ದರೆ ನಡುವಿನ ಹಂತ. ನೀತಿಗಳನ್ನು ರೂಪಿಸುವುದು, ಮುಂದಿನ ಮೂರು ವರ್ಷಗಳ ಸಿಬ್ಬಂದಿ ಯೋಜನೆಗೆ ಉತ್ತರದಾಯಿಯಾಗಿರುವುದು ಇದ್ದರೆ ಹಿರಿಯ ಹಂತ. ಹುದ್ದೆಯ ಹೆಸರನ್ನು ನಂಬಬೇಡಿ. 'ಮ್ಯಾನೇಜರ್' ಎಂದು ಕರೆಸಿಕೊಳ್ಳುವವರ ಹಾಳೆಯಲ್ಲಿ ಮೊದಲ ಹಂತದ ಕೆಲಸಗಳೇ ತುಂಬಿರುವುದು ಅಪರೂಪವೇನಲ್ಲ.

ಈ ಹಾಳೆಯನ್ನು ಕೈಯಲ್ಲಿಟ್ಟುಕೊಂಡು ನೋಡಿದರೆ ಆಯ್ಕೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ಮಾನವ ಸಂಪನ್ಮೂಲ ವೃತ್ತಿಪರರನ್ನು ಪ್ರಮಾಣೀಕರಿಸುವ ಅಮೆರಿಕದ ಎಚ್‌ಆರ್‌ಸಿಐ ಸಂಸ್ಥೆಯಲ್ಲಿ ಎಪಿಎಚ್‌ಆರ್ ಎಂಬುದು ಅನುಭವವನ್ನೇ ಕೇಳದ ಪ್ರವೇಶ ಹಂತದ ಪರೀಕ್ಷೆ. ಅದರ ಮೇಲಿನದು ಪಿಎಚ್‌ಆರ್, ಅದಕ್ಕೂ ಮೇಲಿನದು ಎಸ್‌ಪಿಎಚ್‌ಆರ್. ಇವೆರಡಕ್ಕೂ ವಿದ್ಯಾರ್ಹತೆ ಕಡಿಮೆಯಾದಷ್ಟೂ ಹೆಚ್ಚು ವರ್ಷಗಳ ಅನುಭವ ಬೇಕಾಗುತ್ತದೆ. ಇಲ್ಲಿ ಹಲವರು ಎಡವುವ ಒಂದು ವಿಷಯವಿದೆ. ಪಿಎಚ್‌ಆರ್ ಮತ್ತು ಎಸ್‌ಪಿಎಚ್‌ಆರ್ ಪರೀಕ್ಷೆಗಳಲ್ಲಿ ಅಮೆರಿಕದ ಕಾರ್ಮಿಕ ಕಾನೂನಿಗೆ ದೊಡ್ಡ ಪಾಲಿದೆ. ಬೇರೆ ದೇಶಗಳಲ್ಲಿ ಕೆಲಸ ಮಾಡುವವರಿಗಾಗಿ ಯಾವುದೇ ಒಂದು ದೇಶದ ಕಾನೂನಿಗೆ ಅಂಟಿಕೊಳ್ಳದ ಪಿಎಚ್‌ಆರ್‌ಐ, ಎಸ್‌ಪಿಎಚ್‌ಆರ್‌ಐ ಎಂಬ ರೂಪಗಳಿವೆ. ಕೊನೆಯ ಆ ಒಂದು ಅಕ್ಷರವನ್ನು ಗಮನಿಸದೆ ಪುಸ್ತಕ ಕೊಂಡವರು, ತಮ್ಮ ಕೆಲಸದಲ್ಲಿ ಎಂದೂ ಎದುರಾಗದ ಕಾಯಿದೆಗಳನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಬೇಕಾಗುತ್ತದೆ.

ಎಸ್‌ಎಚ್‌ಆರ್‌ಎಂ ಸಹ ಅಮೆರಿಕದ್ದೇ, ಮಾನವ ಸಂಪನ್ಮೂಲ ವೃತ್ತಿಪರರ ಸಂಘ. 1948ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಅದು ಬಹುಕಾಲ ಎಚ್‌ಆರ್‌ಸಿಐ ಪರೀಕ್ಷೆಗಳನ್ನೇ ಬೆಂಬಲಿಸುತ್ತಿದ್ದು, 2014ರಲ್ಲಿ ತನ್ನದೇ ಪ್ರಮಾಣೀಕರಣವನ್ನು ಘೋಷಿಸಿತು. ಒಂದೇ ಮಟ್ಟದ ಎರಡು ಪ್ರಮಾಣಪತ್ರಗಳು ಇಂದು ಪೈಪೋಟಿಯಲ್ಲಿರುವುದಕ್ಕೆ ಕಾರಣ ಈ ಇತಿಹಾಸವೇ ಹೊರತು ವಿಷಯದಲ್ಲಿನ ಯಾವುದೋ ಆಳವಾದ ಭೇದವಲ್ಲ. ಭೇದವಿರುವುದು ಪ್ರಶ್ನೆಗಳ ಸ್ವರೂಪದಲ್ಲಿ: ಎಸ್‌ಎಚ್‌ಆರ್‌ಎಂ-ಸಿಪಿ ಮತ್ತು ಹಿರಿಯರ ಎಸ್‌ಎಚ್‌ಆರ್‌ಎಂ-ಎಸ್‌ಸಿಪಿ ಪರೀಕ್ಷೆಗಳಲ್ಲಿ ಜ್ಞಾನದ ಪ್ರಶ್ನೆಗಳ ಜೊತೆಗೆ, ಒಂದು ಸನ್ನಿವೇಶವನ್ನು ಕೊಟ್ಟು ಅತ್ಯುತ್ತಮ ಹೆಜ್ಜೆ ಯಾವುದೆಂದು ಕೇಳುವ ಪ್ರಶ್ನೆಗಳಿಗೆ ಗಣನೀಯ ಪಾಲಿದೆ. ಬ್ರಿಟನ್ನಿನ ಮಾನವ ಸಂಪನ್ಮೂಲ ವೃತ್ತಿಸಂಸ್ಥೆಯಾದ ಸಿಐಪಿಡಿಯ ದಾರಿ ಇನ್ನೂ ಬೇರೆ. 1913ರಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿಗಳ ಸಂಘವಾಗಿ ಹುಟ್ಟಿದ ಈ ಸಂಸ್ಥೆ 3, 5 ಮತ್ತು 7ನೇ ಹಂತದ ಅರ್ಹತೆಗಳನ್ನು ಬಹುಮಟ್ಟಿಗೆ ಬರವಣಿಗೆಯ ಅಸೈನ್‌ಮೆಂಟ್‌ಗಳ ಮೂಲಕ ಅಳೆಯುತ್ತದೆ. ಗಡಿಯಾರದ ಎದುರು ಕುಳಿತು ಆಯ್ಕೆಗಳನ್ನು ಗುರುತಿಸುವುದು ಒಗ್ಗದವರಿಗೆ, ತಮ್ಮ ಸಂಸ್ಥೆಯ ಸಮಸ್ಯೆಗಳನ್ನೇ ವಿಶ್ಲೇಷಿಸಿ ಬರೆಯಲು ಇಚ್ಛಿಸುವವರಿಗೆ ಅದು ಹೆಚ್ಚು ಹೊಂದುತ್ತದೆ. ಇವೆಲ್ಲದರ ನಂತರವೂ ಗೊಂದಲ ಉಳಿದರೆ, ನೀವು ಮುಂದೆ ಬಯಸುವ ಹುದ್ದೆಯ ಇಪ್ಪತ್ತು ಉದ್ಯೋಗ ಪ್ರಕಟಣೆಗಳನ್ನು ಓದಿ, ಯಾವ ಅಕ್ಷರಗಳು ಎಷ್ಟು ಬಾರಿ ಬಂದಿವೆ ಎಂದು ಎಣಿಸಿ.

ತರಬೇತಿ ಕೊಡುವವರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅವರ ಪಠ್ಯವು ಪರೀಕ್ಷೆಯ ಚಾಲ್ತಿಯಲ್ಲಿರುವ ವಿಷಯಸೂಚಿಗೆ ಹೊಂದುತ್ತದೆಯೇ, ಅಭ್ಯಾಸ ಪ್ರಶ್ನೆಗಳಲ್ಲಿ ತಪ್ಪು ಉತ್ತರಗಳು ಏಕೆ ತಪ್ಪು ಎಂಬ ವಿವರಣೆ ಇದೆಯೇ ಎಂಬ ಎರಡನ್ನು ನೋಡಿದರೆ ಸಾಕು. 'ಉತ್ತೀರ್ಣತೆಯ ಖಾತರಿ' ಎಂದಿದ್ದಲ್ಲಿ ಸಣ್ಣ ಅಕ್ಷರಗಳನ್ನೂ ಓದಿ. ಖಾತರಿ ಹಣಕ್ಕೋ, ಮತ್ತೊಮ್ಮೆ ತರಗತಿಯಲ್ಲಿ ಕೂರುವುದಕ್ಕೋ ಎಂಬುದು ಅಲ್ಲೇ ಇರುತ್ತದೆ.

ಅಧ್ಯಯನಕ್ಕೆ ಕೆಲಸದಲ್ಲಿರುವವರು ಮೂರರಿಂದ ನಾಲ್ಕು ತಿಂಗಳು ಇಟ್ಟುಕೊಳ್ಳುವುದು ಸೂಕ್ತ. ಪುಸ್ತಕವನ್ನು ತೆರೆಯುವುದಕ್ಕೂ ಮೊದಲೇ ಒಂದು ಪೂರ್ಣ ಅಭ್ಯಾಸ ಪರೀಕ್ಷೆಯನ್ನು ಬರೆಯಿರಿ. ಅಂಕ ಕಡಿಮೆ ಬಂದೇ ಬರುತ್ತದೆ, ಅದರಿಂದ ಮುಜುಗರಪಡಬೇಕಾಗಿಲ್ಲ. ಬೇಕಾಗಿರುವುದು ತಪ್ಪುಗಳ ನಕ್ಷೆ. ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ತಪ್ಪಿನ ಎದುರು ಅದರ ಕಾರಣವನ್ನು ಬರೆಯಬೇಕು: ವಿಷಯ ಗೊತ್ತಿರಲಿಲ್ಲವೇ, ಪ್ರಶ್ನೆಯನ್ನು ಸರಿಯಾಗಿ ಓದಲಿಲ್ಲವೇ, ಅಥವಾ 'ನಮ್ಮ ಕಚೇರಿಯಲ್ಲಿ ಹೀಗೆಯೇ ಮಾಡುತ್ತೇವೆ' ಎಂಬ ರೂಢಿ ಅಡ್ಡ ಬಂದಿತೇ. ಅನುಭವಿಗಳ ಪುಸ್ತಕದಲ್ಲಿ ಮೂರನೆಯ ಕಾರಣವೇ ಬೇಗ ತುಂಬುತ್ತದೆ. ನೇಮಕಾತಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆಂದು ಆ ಭಾಗವನ್ನು ಓದದೆ ಬಿಟ್ಟಿದ್ದ ನನಗೆ, ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಬಂದದ್ದು ನೇಮಕಾತಿಯಲ್ಲೇ.

ಸನ್ನಿವೇಶದ ಪ್ರಶ್ನೆಯೊಂದನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಬ್ಬ ವ್ಯವಸ್ಥಾಪಕರು ಬಂದು, ಪದೇ ಪದೇ ತಡವಾಗಿ ಬರುವ ಉದ್ಯೋಗಿಯನ್ನು ಇಂದೇ ತೆಗೆದುಹಾಕಬೇಕೆಂದು ಒತ್ತಾಯಿಸುತ್ತಾರೆ ಎಂದಿಟ್ಟುಕೊಳ್ಳಿ. ಎಚ್ಚರಿಕೆ ಪತ್ರ ಕೊಡುವುದು, ಉದ್ಯೋಗಿಯನ್ನು ನೇರವಾಗಿ ಕರೆದು ವಿಚಾರಿಸುವುದು, ಕಾನೂನು ಸಲಹೆ ಕೇಳುವುದು, ಇದುವರೆಗಿನ ದಾಖಲೆಗಳನ್ನೂ ಮಾತುಕತೆಗಳ ವಿವರವನ್ನೂ ವ್ಯವಸ್ಥಾಪಕರಿಂದ ಪಡೆಯುವುದು ಎಂಬ ನಾಲ್ಕು ಆಯ್ಕೆಗಳಿವೆ. ನಾಲ್ಕೂ ಒಂದಲ್ಲ ಒಂದು ಘಟ್ಟದಲ್ಲಿ ಮಾಡಬಹುದಾದವುಗಳೇ. ಆದರೆ ಪ್ರಶ್ನೆ ಕೇಳುವುದು ಮೊದಲ ಹೆಜ್ಜೆಯನ್ನು. ಸಂಗತಿಗಳನ್ನು ತಿಳಿಯದೆ ಇಡುವ ಯಾವ ಹೆಜ್ಜೆಯೂ ಮೊದಲನೆಯದಾಗಲಾರದು, ಆದ್ದರಿಂದ ಉತ್ತರ ನಾಲ್ಕನೆಯದು. ಉಳಿದ ಮೂರು ಉತ್ತರಗಳು ಹಿಂಬಾಲಿಸಬೇಕಾದ ಕ್ರಮವನ್ನು ಬಾಯಿಬಿಟ್ಟು ವಿವರಿಸಲು ಬಂದರೆ ಮಾತ್ರ ಆ ಪ್ರಶ್ನೆ ನಿಮಗೆ ಅರ್ಥವಾಗಿದೆ ಎಂದು ತಿಳಿಯಿರಿ. ಗುರುತಿಸಿದ ಉತ್ತರ ಸರಿಯಾಗಿದ್ದರೂ ಈ ವಿವರಣೆ ಬಾರದಿದ್ದರೆ ಅದನ್ನು ತಪ್ಪುಗಳ ಪುಸ್ತಕಕ್ಕೇ ಸೇರಿಸಬೇಕು.

ಲೆಕ್ಕಗಳಿಗೆ ಹೆದರುವವರಿದ್ದಾರೆ, ಆದರೆ ಅವು ಸುಲಭವಾಗಿ ದಕ್ಕುವ ಅಂಕಗಳು. ವರ್ಷಾರಂಭಕ್ಕೆ 190, ವರ್ಷಾಂತ್ಯಕ್ಕೆ 210 ಸಿಬ್ಬಂದಿ ಇದ್ದು, ನಡುವೆ 30 ಮಂದಿ ಬಿಟ್ಟುಹೋಗಿದ್ದರೆ, ಸರಾಸರಿ 200ಕ್ಕೆ 30ರಂತೆ ನಿರ್ಗಮನ ಪ್ರಮಾಣ ಶೇ. 15 ಆಗುತ್ತದೆ. ಹೆಚ್ಚು ಅಪಾಯಕಾರಿಯಾದದ್ದು ಒಂದರಂತೆ ಇನ್ನೊಂದು ಕಾಣುವ ಪರಿಭಾಷೆ: ಹುದ್ದೆಯ ವಿಶ್ಲೇಷಣೆ ಎಂದರೆ ಕೆಲಸದ ಮಾಹಿತಿ ಕಲೆಹಾಕುವುದು, ಹುದ್ದೆಯ ವಿವರಣೆ ಅದರಿಂದ ಹುಟ್ಟುವ ದಾಖಲೆ, ಹುದ್ದೆಯ ಮೌಲ್ಯಮಾಪನವು ವೇತನ ನಿಗದಿಗಾಗಿ ಹುದ್ದೆಗಳನ್ನು ಪರಸ್ಪರ ತೂಗುವ ಕ್ರಿಯೆ. ಇಂಥವುಗಳನ್ನು ಒಂದೇ ರಾತ್ರಿ ಹತ್ತು ಸಲ ಓದುವ ಬದಲು ಮರುದಿನ, ಮೂರು ದಿನ, ಒಂದು ವಾರ, ಹೀಗೆ ಅಂತರ ಹೆಚ್ಚಿಸುತ್ತಾ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಬೇಕು. ಮರೆವು ಮೊದಲ ಗಂಟೆಗಳಲ್ಲೇ ವೇಗವಾಗಿರುತ್ತದೆಂದು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತೋರಿಸಿದ್ದಾರೆ.

ಅರ್ಜಿಯಲ್ಲಿ ಅನುಭವವನ್ನು ಬರೆಯುವಾಗ ಆ ಮೊದಲ ಹಾಳೆ ಮತ್ತೆ ಬೇಕಾಗುತ್ತದೆ. ಹುದ್ದೆಯ ಹೆಸರಿಗಿಂತ, ಯಾವ ನಿರ್ಧಾರಗಳು ನಿಮ್ಮವು, ಕೆಲಸದ ಸಮಯದಲ್ಲಿ ಎಷ್ಟು ಪಾಲು ಮಾನವ ಸಂಪನ್ಮೂಲಕ್ಕೆ ಸೇರಿದ್ದು ಎಂಬ ವಿವರಕ್ಕೆ ತೂಕ ಹೆಚ್ಚು. ಅರ್ಜಿಯಲ್ಲಿನ ಹೆಸರು ಗುರುತಿನ ಚೀಟಿಯಲ್ಲಿರುವಂತೆ ಅಕ್ಷರಶಃ ಒಂದೇ ಇರಲಿ.

ಉತ್ತೀರ್ಣರಾದ ದಿನದಿಂದಲೇ ನವೀಕರಣದ ಗಡಿಯಾರ ಓಡಲಾರಂಭಿಸುತ್ತದೆ. ಎಸ್‌ಎಚ್‌ಆರ್‌ಎಂನ ಎರಡೂ ಪ್ರಮಾಣೀಕರಣಗಳಿಗೆ, ಹಾಗೆಯೇ ಪಿಎಚ್‌ಆರ್ ಮತ್ತು ಎಸ್‌ಪಿಎಚ್‌ಆರ್‌ಗಳಿಗೆ 3 ವರ್ಷಗಳಲ್ಲಿ 60 ಅಂಕಗಳು (ಪರೀಕ್ಷೆಯ ಅಂಕಗಳಲ್ಲ, ವೃತ್ತಿಸಂಬಂಧಿ ಕಲಿಕೆ ಮತ್ತು ಕೆಲಸಗಳಿಗೆ ಸಿಗುವವು), ಎಪಿಎಚ್‌ಆರ್‌ಗೆ 45 ಅಂಕಗಳು ಬೇಕು. ಇಲ್ಲವಾದರೆ ಪರೀಕ್ಷೆಯನ್ನೇ ಮತ್ತೆ ಬರೆಯಬೇಕು. ವರ್ಷಕ್ಕೆ 20 ಎಂದರೆ ಹೊರೆಯಲ್ಲ, ಕೊನೆಯ ಎರಡು ತಿಂಗಳಲ್ಲಿ 60 ಎಂದರೆ ಸಿಕ್ಕ ಸಿಕ್ಕ ವೆಬಿನಾರ್‌ಗಳಿಗೆ ಹಣ ಸುರಿಯಬೇಕಾದ ಪರಿಸ್ಥಿತಿ. ಕಚೇರಿಯಲ್ಲಿ ನೀವು ಮೊದಲ ಬಾರಿ ರೂಪಿಸಿದ ಹೊಸ ಯೋಜನೆ, ಇತರರಿಗೆ ಕೊಟ್ಟ ತರಬೇತಿ ಇವುಗಳಿಗೂ ಅಂಕ ದೊರೆಯುತ್ತದೆಂಬುದು ಹಲವರಿಗೆ ಕೊನೆಯ ತಿಂಗಳಲ್ಲಿ ತಿಳಿಯುತ್ತದೆ, ಅಷ್ಟರಲ್ಲಿ ಅವುಗಳ ದಾಖಲೆ ಕಳೆದುಹೋಗಿರುತ್ತದೆ. ಕಾರ್ಯಕ್ರಮ ಮುಗಿದ ವಾರದೊಳಗೇ ದಿನಾಂಕ, ಅವಧಿ, ವಿಷಯ ಮತ್ತು ಪುರಾವೆಯನ್ನು ಪ್ರಮಾಣೀಕರಿಸಿದ ಸಂಸ್ಥೆಯಲ್ಲಿನ ನಿಮ್ಮ ಖಾತೆಗೆ ಸೇರಿಸಿ, ಅದರ ಒಂದು ಪ್ರತಿಯನ್ನು ಕಚೇರಿಯ ಕಂಪ್ಯೂಟರ್‌ನಲ್ಲಲ್ಲದೆ ನಿಮ್ಮ ಸ್ವಂತದ ಕಡತದಲ್ಲಿ ಇಟ್ಟುಕೊಳ್ಳಿ. ಮೂರು ವರ್ಷಗಳಲ್ಲಿ ನೀವು ಕೆಲಸ ಬದಲಿಸಿರಲೂಬಹುದು.