ಖಾರದ ಕ್ಯಾಪ್ಸೂಲ್ ನಾನೇ ನುಂಗಿ ನೋಡಿದೆ

ಮಂಡ್ಯದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಈಚೆಗೆ ಕೌಂಟರಿಗೆ ಬರುವವರು ಒಂದು ಹೊಸ ಸಾಮಾನು ಕೇಳುತ್ತಿದ್ದಾರೆ. "ಸಾ, ಹೊಟ್ಟೆ ಕರಗಿಸೋ ಮೆಣಸಿನಕಾಯಿ ಕ್ಯಾಪ್ಸೂಲ್ ಐತಾ?" ಮೊಬೈಲ್ ಮುಂದೆ ಹಿಡಿದು ಫೋಟೊ ತೋರಿಸುತ್ತಾರೆ. ಕೆಂಪು ಡಬ್ಬಿ, ಮೇಲೆ ಕೆಯೆನ್ ಪೆಪ್ಪರ್ ಅಂತ ಇರುತ್ತದೆ. ತೂಕ ಇಳಿಯುತ್ತೆ, ಬಿಪಿ ಇಳಿಯುತ್ತೆ, ಕೀಲು ನೋವು ಹೋಗುತ್ತೆ, ಎಲ್ಲಾ ಒಂದೇ ಡಬ್ಬಿಯಲ್ಲಿ.

ನನಗೂ ಹೊಟ್ಟೆ ಸ್ವಲ್ಪ ಮುಂದಿದೆ. ದಿನವಿಡೀ ನಿಂತು ನಿಂತು ಮಂಡಿ ನೋಯುತ್ತದೆ. ಮಾರುವ ಮೊದಲು ನಾನೇ ನೋಡೋಣ ಅಂತ ಒಂದು ಡಬ್ಬಿ ತರಿಸಿಕೊಂಡೆ.

ಕೆಯೆನ್ ಅಂದರೆ ಬೇರೆ ಏನೋ ಅಲ್ಲ. ನಮ್ಮ ಬ್ಯಾಡಗಿ, ಗುಂಟೂರಿನ ಜಾತಿಗೇ ಸೇರಿದ ಒಣಮೆಣಸಿನಕಾಯಿ. ಖಾರ ಕೊಡುವುದು ಕ್ಯಾಪ್ಸೈಸಿನ್ ಅನ್ನುವ ಅಂಶ. ನನ್ನ ಡಬ್ಬಿಯ ಮೇಲೆ 450 ಮಿಲಿಗ್ರಾಂ, 40,000 ಹೀಟ್ ಯೂನಿಟ್ ಅಂತ ಇತ್ತು. ಈ ಲೆಕ್ಕ ಶುರು ಮಾಡಿದ್ದು ವಿಲ್ಬರ್ ಸ್ಕೋವಿಲ್ ಅನ್ನುವವರು, 1912ರಲ್ಲಿ. ಅವರೂ ನಮ್ಮ ಕಸುಬಿನವರೇ, ಅಮೆರಿಕದ ಫಾರ್ಮಸಿಸ್ಟ್. ಮೆಣಸಿನಕಾಯಿ ಸಾರವನ್ನು ಸಕ್ಕರೆ ನೀರಿನಲ್ಲಿ ಎಷ್ಟು ಪಟ್ಟು ತೆಳು ಮಾಡಿದರೆ ನಾಲಿಗೆಗೆ ಖಾರ ಗೊತ್ತಾಗುವುದಿಲ್ಲ ಅನ್ನುವುದೇ ಆ ಅಂಕಿ. ಈಗ ಮೆಷಿನ್‌ನಲ್ಲಿ ಅಳೆಯುತ್ತಾರೆ. 16 ಯೂನಿಟ್ ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ ಖಾರದ ಅಂಶ. ಆ ಪ್ರಕಾರ 40,000 ಯೂನಿಟ್ ಪುಡಿಯ ಒಂದು ಗ್ರಾಂನಲ್ಲಿ ಎರಡೂವರೆ ಮಿಲಿಗ್ರಾಂ. ನನ್ನ ಒಂದು ಕ್ಯಾಪ್ಸೂಲ್‌ನಲ್ಲಿ ಒಂದು ಮಿಲಿಗ್ರಾಂ ಚಿಲ್ಲರೆ.

ಅಷ್ಟೇನಾ ಅನ್ನಿಸಿತು. 450 ಮಿಲಿಗ್ರಾಂ ಪುಡಿ ಅಂದರೆ ಟೀ ಚಮಚದಲ್ಲಿ ಕಾಲು ಭಾಗ. ಮುದ್ದೆ ಜೊತೆ ಉಪ್ಪುಸಾರಿನ ಖಾರ ನೆಂಚಿಕೊಂಡು ಉಣ್ಣುವ ನಮ್ಮ ಕಡೆ, ಒಂದು ಊಟದಲ್ಲಿ ಇಷ್ಟು ಖಾರ ಹೊಟ್ಟೆ ಸೇರುವುದು ದೊಡ್ಡ ವಿಷಯವೇ ಅಲ್ಲ. ಆದರೆ ಕೆಲವು ಡಬ್ಬಿಗಳಲ್ಲಿ ಪುಡಿ ಇರುವುದಿಲ್ಲ, ಗಟ್ಟಿ ಸಾರ ಇರುತ್ತದೆ. ಎಕ್ಸ್‌ಟ್ರಾಕ್ಟ್ ಅಂತ ಬರೆದಿರುತ್ತಾರೆ. ಅಲ್ಲಿ ಮಿಲಿಗ್ರಾಂ ಕಡಿಮೆ ಕಂಡರೂ ಖಾರ ಹಲವು ಪಟ್ಟು ಜಾಸ್ತಿ ಇರಬಹುದು. ಎರಡು ಡಬ್ಬಿಯನ್ನು ಬರೀ ತೂಕ ನೋಡಿ ಹೋಲಿಸಲು ಆಗುವುದಿಲ್ಲ.

ಶುರು ಮಾಡುವ ಮೊದಲು ಲೇಬಲ್ ಓದಿದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇತ್ತು. ಔಷಧವಾಗಿ ಬಳಸಲು ಅಲ್ಲ ಅನ್ನುವ ಸಾಲೂ ಇತ್ತು. ಇಂಥ ಸಾಲು ಹಾಕಿಕೊಂಡೇ ಪಕ್ಕದಲ್ಲಿ ಕಾಯಿಲೆ ವಾಸಿ ಅಂತ ಬರೆದಿದ್ದರೆ ನಾನು ಆ ಡಬ್ಬಿಯನ್ನು ಅಲ್ಲೇ ಬಿಡುತ್ತೇನೆ. ಆಮೇಲೆ ನನ್ನ ಮಾತ್ರೆಗಳನ್ನು ನೋಡಿಕೊಂಡೆ. ಬಿಪಿಗೆ ನಾನು ತಗೊಳ್ಳುವುದು ಅಮ್ಲೋಡಿಪಿನ್. ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನದಾಗಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಆ ಮಾತ್ರೆಗಳೇ ಕೆಲವರಿಗೆ ಒಣ ಕೆಮ್ಮು ತರುತ್ತವೆ. ಕ್ಯಾಪ್ಸೈಸಿನ್ ಸೇರಿದರೆ ಕೆಮ್ಮು ಇನ್ನೂ ಕೆರಳಬಹುದು. ನನ್ನ ಡಾಕ್ಟರಿಗೂ ಒಂದು ಮಾತು ಹೇಳಿದೆ. ಅವರು ನಕ್ಕು, "ಎದೆ ಉರಿ ಬಂದರೆ ಅವತ್ತೇ ನಿಲ್ಲಿಸಿ" ಅಂದರು.

ಮಧ್ಯಾಹ್ನ ಊಟದ ನಡುವೆ ಒಂದೇ ಒಂದು, ತುಂಬ ನೀರಿನ ಜೊತೆ. ಡಬ್ಬಿಯ ಮೇಲೆ ದಿನಕ್ಕೆ ಮೂರು ಅಂತ ಇತ್ತು, ನಾನು ಅಲ್ಲಿಗೆ ಹೋಗಲೇ ಇಲ್ಲ. ಬಾಯಲ್ಲಿ ಏನೂ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಹೊಟ್ಟೆಯಲ್ಲಿ ಬೆಚ್ಚಗಾಯಿತು, ಒಂದೆರಡು ತೇಗು ಬಂತು. ಮುದ್ದೆ, ಮೊಸರು ಇದ್ದ ದಿನ ತೊಂದರೆಯೇ ಇಲ್ಲ. ಬರೀ ತಿಂಡಿಯ ಜೊತೆ ತಗೊಂಡ ದಿನ ಎದೆಯ ಹತ್ತಿರ ಚುರುಚುರು. ಇನ್ನು ಮಾರನೇ ದಿನ ಬೆಳಿಗ್ಗೆ ಕಕ್ಕಸಿನಲ್ಲಿ ಆಗಿದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಖಾರವನ್ನು ಗುರುತಿಸುವ ಟಿಆರ್‌ಪಿವಿ1 ಅನ್ನುವ ರಿಸೆಪ್ಟರ್ (ನರದ ತುದಿಯಲ್ಲಿರುವ ಒಂದು ಪ್ರೋಟೀನ್) ನಾಲಿಗೆಯಲ್ಲಷ್ಟೇ ಅಲ್ಲ, ಕರುಳಿನ ಕೊನೆಯವರೆಗೂ ಇದೆ. ಸುಮಾರು 43 ಡಿಗ್ರಿ ಬಿಸಿ ಮುಟ್ಟಿದಾಗ ಎಚ್ಚರಗೊಳ್ಳುವುದೂ ಅದೇ. ಹಾಗಾಗಿಯೇ ಖಾರ ನಮಗೆ ಉರಿ ಅನ್ನಿಸುತ್ತದೆ. ಇದನ್ನು ಕಂಡುಹಿಡಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಕ್ಯಾಪ್ಸೂಲ್ ಬಗ್ಗೆ ನನಗೆ ಮುಖ್ಯ ಅನ್ನಿಸಿದ್ದು ಇದೇ. ತಟ್ಟೆಯಲ್ಲಿ ಖಾರ ಜಾಸ್ತಿಯಾದರೆ ನಾಲಿಗೆ ಬಾಗಿಲಲ್ಲಿ ನಿಂತ ವಾಚ್‌ಮನ್ ಥರ ತಡೆಯುತ್ತದೆ. ಕಣ್ಣು ಮೂಗಲ್ಲಿ ನೀರು ಬರುತ್ತೆ, ಮಜ್ಜಿಗೆ ಕೇಳ್ತೀವಿ, ಕೈ ತೊಳೆದು ಏಳ್ತೀವಿ. ಕ್ಯಾಪ್ಸೂಲ್‌ಗೆ ಆ ತಡೆ ಇಲ್ಲ. ಮೂರು ನುಂಗಿದರೂ ಬಾಯಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಹೊಟ್ಟೆಯಲ್ಲಿ ಕರಗಿ ಆಗಿರುತ್ತದೆ.

ತೂಕದ ಕಥೆ ಏನು? ಕ್ಯಾಪ್ಸೈಸಿನ್ ಮೈಯ ಬಿಸಿಯನ್ನು ತುಸು ಏರಿಸಿ ಕ್ಯಾಲೊರಿ ಸುಡಿಸುವುದು ನಿಜ. ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದವರು ದಿನಕ್ಕೆ ಸುಮಾರು 50 ಕ್ಯಾಲೊರಿ ಅನ್ನುತ್ತಾರೆ. ಸಂಜೆ ಸಕ್ಕರೆ ಹಾಕಿದ ಒಂದು ಟೀ ಜಾಸ್ತಿ ಕುಡಿದರೆ ಅದು ಅಲ್ಲಿಗೆ ಮುಗಿಯಿತು. ನನ್ನ ತೂಕದ ಮುಳ್ಳು ಅಲುಗಲಿಲ್ಲ. ಹಸಿವು ಸ್ವಲ್ಪ ಕಡಿಮೆ ಅನ್ನಿಸಿದ್ದು ಹೌದು, ಆದರೆ ಹೊಟ್ಟೆ ಉರಿಯುವಾಗ ಯಾರಿಗೆ ಹಸಿವಾಗುತ್ತದೆ ಹೇಳಿ.

ಕೊಲೆಸ್ಟೆರಾಲ್ ವಿಷಯದಲ್ಲಿ ನಮ್ಮ ಮೈಸೂರಿನ ಹೆಸರೂ ಬರುತ್ತದೆ. ಚೆಲುವಾಂಬ ಮಹಲಿನಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1980ರ ಹೊತ್ತಿಗೇ ಇಲಿಗಳಿಗೆ ಮೆಣಸಿನಕಾಯಿ, ಕ್ಯಾಪ್ಸೈಸಿನ್ ತಿನ್ನಿಸಿ ಕೊಲೆಸ್ಟೆರಾಲ್ ಇಳಿಯುವುದನ್ನು ನೋಡಿದ್ದರು. ಒಳ್ಳೆಯ ಕೆಲಸ. ಆದರೆ ಅದು ಇಲಿಗಳ ಲೆಕ್ಕ. ಚೀನಾದಲ್ಲಿ ಸುಮಾರು 4.87 ಲಕ್ಷ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಬಂತು. ವಾರದಲ್ಲಿ ಆರೇಳು ದಿನ ಖಾರದ ಊಟ ಮಾಡುವವರಲ್ಲಿ ಸಾವಿನ ಸಾಧ್ಯತೆ ಶೇಕಡ 14ರಷ್ಟು ಕಡಿಮೆ ಇತ್ತು. ಇದನ್ನೇ ಡಬ್ಬಿ ಮಾರುವವರು ಹಿಡಿದುಕೊಂಡಿದ್ದಾರೆ. ಆ ಜನ ಉಂಡಿದ್ದು ಊಟ, ನುಂಗಿದ್ದು ಕ್ಯಾಪ್ಸೂಲ್ ಅಲ್ಲ. ಮತ್ತೆ ಖಾರದಿಂದಲೇ ಹಾಗಾಯಿತು ಅಂತ ಆ ಅಧ್ಯಯನವೂ ಹೇಳಿಲ್ಲ. ಬಿಪಿ ಇಳಿಯುತ್ತೆ ಅನ್ನುವುದಕ್ಕೆ ಮನುಷ್ಯರ ಮೇಲೆ ಗಟ್ಟಿ ಆಧಾರ ನನಗೆ ಸಿಗಲಿಲ್ಲ. ಬಿಪಿ ಮಾತ್ರೆ ಬಿಟ್ಟು ಇದನ್ನು ಹಿಡಿಯುತ್ತೇನೆ ಅಂದವರಿಗೆ ನಾನು ಕೊಡುವುದೇ ಇಲ್ಲ.

ಇನ್ನೂ ಕೆಲವರಿಗೆ ಇಲ್ಲ ಅಂತಲೇ ಹೇಳುತ್ತೇನೆ. ಹುಳಿ ತೇಗು, ಎದೆ ಉರಿ ಇರುವವರು, ಮೂಲವ್ಯಾಧಿಯವರು, ಬಸುರಿಯರು, ಹಾಲೂಡಿಸುವ ತಾಯಂದಿರು. ಅಲ್ಸರ್ ಬರುವುದಕ್ಕೆ ಮುಖ್ಯ ಕಾರಣ ಖಾರ ಅಲ್ಲ, ಹೆಲಿಕೊಬ್ಯಾಕ್ಟರ್ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಆದರೆ ಆಗಲೇ ಇರುವ ಹುಣ್ಣಿನ ಮೇಲೆ ಖಾರ ಬಿದ್ದರೆ ಉರಿಯದೆ ಇರುತ್ತದೆಯೇ? ವಾರ್ಫರಿನ್, ಕ್ಲೊಪಿಡೋಗ್ರೆಲ್, ಆಸ್ಪಿರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ರಕ್ತಸ್ರಾವದ ಭಯ ಇದೆ. ಉಬ್ಬಸಕ್ಕೆ ಥಿಯೋಫಿಲಿನ್ ತಗೊಳ್ಳುವವರಲ್ಲಿ ಆ ಮಾತ್ರೆ ಮೈಗೆ ಸೇರುವ ಪ್ರಮಾಣ ಏರಬಹುದು. ಆಪರೇಷನ್ ಇದ್ದರೆ ಎರಡು ವಾರ ಮುಂಚೆಯೇ ನಿಲ್ಲಿಸಬೇಕು, ಡಾಕ್ಟರಿಗೂ ಹೇಳಬೇಕು. ನಮ್ಮಲ್ಲಿ ಸಪ್ಲಿಮೆಂಟನ್ನು ಯಾರೂ ಮಾತ್ರೆ ಅಂತ ಲೆಕ್ಕ ಹಾಕುವುದಿಲ್ಲ, ಡಾಕ್ಟರ್ ಕೇಳಿದರೂ ಬಾಯಿ ಬಿಡುವುದಿಲ್ಲ.

ತೂಕ ಇಳಿಸಲು ಕೆಯೆನ್ ಮಾತ್ರೆ ನುಂಗುತ್ತಿದ್ದ 25 ವರ್ಷದ ಟರ್ಕಿ ಹುಡುಗನಿಗೆ ಹೃದಯದ ರಕ್ತನಾಳ ಹಿಂಡಿಕೊಂಡು ಹಾರ್ಟ್ ಅಟ್ಯಾಕ್ ಆದ ವರದಿ 2012ರಲ್ಲಿ ವೈದ್ಯರ ಪತ್ರಿಕೆಯಲ್ಲಿ ಬಂದಿದೆ. ಒಂದು ಪ್ರಕರಣದಿಂದ ಎಲ್ಲರಿಗೂ ಹಾಗೇ ಆಗುತ್ತೆ ಅನ್ನಲು ಬರುವುದಿಲ್ಲ. ಜಿಮ್‌ಗೆ ಹೋಗುವ ಹುಡುಗರು ಬಂದು ಎರಡೆರಡು ಡಬ್ಬಿ ಕೇಳಿದಾಗ ಮಾತ್ರ ನಾನು ಇದನ್ನು ಹೇಳದೆ ಕಳಿಸುವುದಿಲ್ಲ.

ಕ್ಯಾಪ್ಸೂಲ್ ನಿಲ್ಲಿಸಿದೆ. ಮಂಡಿ ನೋವಿಗೆ ಅದೇ ಕ್ಯಾಪ್ಸೈಸಿನ್ ಇರುವ ಮುಲಾಮು ಹಿಡಿದೆ. ನಿಜವಾದ ಆಧಾರ ಇರುವುದು ಇಲ್ಲಿ. ಹಚ್ಚುತ್ತಾ ಹೋದರೆ ಆ ಜಾಗದ ನೋವಿನ ನರಗಳು ಮಂಕಾಗುತ್ತವೆ. ಮುಲಾಮಿನಲ್ಲಿ ಇರುವುದು ಶೇಕಡ 0.025ರಿಂದ 0.075. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನರದ ನೋವಿಗೆ ಚರ್ಮಕ್ಕೆ ಅಂಟಿಸುವ ಶೇಕಡ 8ರ ಪ್ಯಾಚೇ ಇದೆ, ಆದರೆ ಅದನ್ನು ಡಾಕ್ಟರ ಉಸ್ತುವಾರಿಯಲ್ಲೇ ಅಂಟಿಸಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ನೋವಿನ ಜೆಲ್‌ಗಳ ಸಣ್ಣ ಅಕ್ಷರ ಓದಿ, ಡೈಕ್ಲೊಫಿನಾಕ್ ಅನ್ನುವ ನೋವಿನ ಔಷಧದ ಪಕ್ಕದಲ್ಲೇ ಕ್ಯಾಪ್ಸೈಸಿನ್ ಕಾಣುತ್ತದೆ.

ಇದಕ್ಕೆ ತಾಳ್ಮೆ ಬೇಕು. ಒಂದು ಸಲ ಹಚ್ಚಿ ಏನೂ ಆಗಲಿಲ್ಲ ಅಂದರೆ ಆಗುವುದಿಲ್ಲ. ದಿನಕ್ಕೆ ಮೂರು ನಾಲ್ಕು ಸಲ, ಕೆಲವು ವಾರ ಹಚ್ಚಬೇಕು. ಮೊದಲ ದಿನಗಳಲ್ಲಿ ಚೆನ್ನಾಗಿ ಉರಿಯುತ್ತದೆ, ಆಮೇಲೆ ಉರಿ ಇಳಿಯುತ್ತದೆ. ನನ್ನ ಮಂಡಿ ಪೂರ್ತಿ ಸರಿಹೋಗಿಲ್ಲ, ಮೆಟ್ಟಿಲು ಹತ್ತುವಾಗ ಮೊದಲಿನಷ್ಟು ಹಿಡಿಯುವುದಿಲ್ಲ. ಬಿಸಿನೀರು ಸ್ನಾನ ಮಾಡಿದ ತಕ್ಷಣ ಹಚ್ಚಬೇಡಿ, ಗಾಯ ಇದ್ದರಂತೂ ಬೇಡವೇ ಬೇಡ. ಹಚ್ಚಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ. ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುತ್ತದೆ, ಬರೀ ನೀರಿಗೆ ಜಗ್ಗುವುದಿಲ್ಲ. ಮೊದಲು ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿದರೆ ಇನ್ನೂ ಒಳ್ಳೆಯದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಲೆನ್ಸ್ ಕೆಲಸ ಮೊದಲು ಮುಗಿಸಿ, ಮುಲಾಮನ್ನು ಆಮೇಲೆ ಮುಟ್ಟಿ.